ಐಸಿಯು ಎಂಬ ರೈಲ್ವೆ ಸ್ಟೇಷನ್ನು

ಮೊನ್ನೆ ರವಿವಾರ ನಮ್ಮ ಸೊಸೈಟಿಯ ಗೆಳೆಯರೊಬ್ಬರ ತಂದೆಯವರನ್ನು ನೋಡಿ ಬರಲು ಆಸ್ಪತ್ರೆಗೆ ಹೋಗಿದ್ದೆ. ಐಸಿಯುದಲ್ಲಿದ್ದರು. "ಒಬ್ಬರೇ ಹೋಗಿ, ಹತ್ತೇ ನಿಮಿಷ" ಅಂದ ಬಾಗಿಲು ಕಾಯುವವ. ಬಾಗಿಲ ಮೇಲೆ ತುಟಿಗೆ ಬೆರಳಿಟ್ಟುಕೊಂಡ ನರ್ಸ್ ಒಬ್ಬಳ ಚಿತ್ರ, ಕೆಳಗೆ ಮರಾಠಿಯಲ್ಲಿ 'ಶಾಂತತಾ ರಾಖಾ'. ಚಪ್ಪಲಿ ಬಿಚ್ಚಿ, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಕಳ್ಳಹೆಜ್ಜೆ ಹಾಕುತ್ತ ಒಳಗೆ ಹೋದೆ.

ಒಳಗೆ ಏನಿತ್ತು ಅಂತೀರಿ? ಒಂದು ಮಾನಿಟರು ಟೀಂ ಟೀಂ ಅನ್ನುತ್ತಿತ್ತು, ಅದರ ಪಕ್ಕದ್ದು ಅದಕ್ಕಿಂತ ಜೋರಾಗಿ ಟೂಂ ಟೂಂ. ಔಷಧಿ ಮುಗಿದ ಪಂಪೊಂದು ಯಾರಾದರೂ ಬನ್ನಿ ಅಂತ ಕೂಗಿಕೊಳ್ಳುತ್ತಿತ್ತು. ಮೂಲೆಯಲ್ಲಿ ಫೋನು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿಯ ಮುಚ್ಚಳ ಢಣ್ ಎಂದು ಬೀಳುವುದು. ಮಧ್ಯದ ಮೇಜಿನ ಸುತ್ತ ನಾಲ್ಕು ಜನ ಯಾರದೋ ಡ್ಯೂಟಿ ಬದಲಾಯಿಸಿದ್ದರ ಬಗ್ಗೆ ಜೋರು ಚರ್ಚೆ. ಪಿಸುಮಾತಿನಲ್ಲಿ ಮಾತಾಡುತ್ತಿದ್ದವನು ಆ ಹಾಲ್‌ನಲ್ಲಿ ನಾನೊಬ್ಬನೇ! ಗೆಳೆಯರ ತಂದೆಗೆ ನನ್ನ ಮಾತು ಕೇಳಿಸಲೇ ಇಲ್ಲ ಅನ್ನಿ.

ನೀವು ನಗಬಹುದು. ಮೂವತ್ತು ವರ್ಷ ಡೊಂಬಿವಲಿಯಲ್ಲಿ ರೈಲ್ವೆ ಹಳಿಯ ಪಕ್ಕ ಮಲಗಿ ನಿದ್ದೆ ಮಾಡಿದವ ಸಪ್ಪಳದ ಬಗ್ಗೆ ದೂರುತ್ತಾನಲ್ಲ ಅಂತ. ನಿಜ, ನಾನೂ ಹಾಗೇ ಅಂದುಕೊಂಡಿದ್ದೆ. ಮುಂಬಯಿಗೆ ಬಂದವರು ಮೊದಲ ತಿಂಗಳಲ್ಲೇ ಕಿವಿಗೆ ಬಾಗಿಲು ಹಾಕುವುದನ್ನು ಕಲಿಯುತ್ತೇವೆ. ಗಣಪತಿಯ ಡೋಲು, ಲೋಕಲ್ಲಿನ ಹಾರ್ನು, ಮಹಡಿ ಮೇಲಿನ ಮನೆಯ ರಿಪೇರಿ... ಎಲ್ಲದರ ನಡುವೆಯೂ ಊಟ, ನಿದ್ದೆ, ಮಕ್ಕಳ ಪರೀಕ್ಷೆ ನಡೆಯುತ್ತವೆ. ಆದರೆ 2018ರ ಡಿಸೆಂಬರಿನಲ್ಲಿ ನಮ್ಮವ್ವ ಈ ಊರಿನ ಒಂದು ಐಸಿಯುದಲ್ಲಿ ಆರು ದಿನ ಇದ್ದಳು ನೋಡಿ, ಆಗ ನನ್ನ ಅಭಿಪ್ರಾಯ ಬದಲಾಯಿತು.

ಅವ್ವನಿಗೆ ಆಗ 74 ವರ್ಷ. ಊರು ಗದಗ. ಚಳಿಗಾಲಕ್ಕೆ ನಮ್ಮಲ್ಲಿಗೆ ಬಂದವಳಿಗೆ ನಿಮೋನಿಯಾ ಆಯಿತು. ಆಕ್ಸಿಜನ್ ಇಳಿಯಿತೆಂದು ಐಸಿಯುಗೆ ಹಾಕಿದರು. ಒಳಗೆ ಹೋಗುವಾಗ ಚಾಳೀಸು, ಹಲ್ಲಿನ ಸೆಟ್ಟು, ಬಳೆ ಎಲ್ಲ ಬಿಚ್ಚಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಭೇಟಿಯ ಸಮಯ ಬೆಳಿಗ್ಗೆ 11ಕ್ಕೆ ಅರ್ಧ ಗಂಟೆ, ಸಂಜೆ 5ಕ್ಕೆ ಅರ್ಧ ಗಂಟೆ. ಉಳಿದ ಇಪ್ಪತ್ತಮೂರು ತಾಸು ಅವ್ವ ಒಳಗೆ, ನಾವು ಹೊರಗಿನ ಬೆಂಚಿನ ಮೇಲೆ.

ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡುತ್ತೇನೆ, ಅವ್ವನ ಎರಡೂ ಕೈಗಳನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದಾರೆ. ನನ್ನ ಕಾಲ ಕೆಳಗಿನ ನೆಲ ಜಾರಿದಂತಾಯಿತು. ನರ್ಸ್ ಕೇರಳದ ಹುಡುಗಿ, ಇಪ್ಪತ್ನಾಲ್ಕು ಇಪ್ಪತ್ತೈದು ಇರಬೇಕು, ರಾತ್ರಿಯಿಡೀ ನಿಂತು ಕಣ್ಣು ಕೆಂಪಾಗಿದ್ದವು. ಅಜ್ಜಿ ರಾತ್ರಿಯೆಲ್ಲ ಕೂಗಾಡಿದರು, ಎರಡು ಸಲ ಸಲಾಯಿನ್ ನಳಿಗೆ ಕಿತ್ತರು, ಮಂಚದಿಂದ ಇಳಿಯಲು ಹೋದರು, ಬಿದ್ದರೆ ಏನು ಮಾಡುವುದು ಅಂತ ಹಿಂದಿಯಲ್ಲಿ ಹೇಳಿದಳು. ಆಮೇಲೆ ಸ್ವಲ್ಪ ಸಂಕೋಚದಿಂದ ಕೇಳಿದಳು: "ಅಂಕಲ್, ಯೇ 'ಚೀಲಾ' ಕ್ಯಾ ಹೋತಾ ಹೈ? ರಾತ್ ಭರ್ ವಹೀ ಬೋಲ್ ರಹೀ ಥೀ."

ನಾನು ಅವ್ವನ ಕಿವಿಯ ಹತ್ತಿರ ಬಾಗಿ ಕರೆದೆ. ಕಣ್ಣು ತೆರೆದಳು. ನನ್ನ ಗುರುತು ಹತ್ತಿತು. ಹತ್ತಿದ ಕೂಡಲೇ ಶುರು ಮಾಡಿದಳು:

"ಗದಗ ಗಾಡಿ ಬಂದು ನಿಂತೈತಿ. ಒದರಾಕತ್ತಾರ, ಕೇಳಸವಲ್ದೇನು ನಿನಗ? ನನ್ನ ಚೀಲ ಎಲ್ಲಿಟ್ಟಾರೋ ಯಪ್ಪಾ? ಇವ್ರು ನನ್ನ ಹತ್ತಗೊಡವಲ್ರು..."

"ಯವ್ವಾ, ಇದು ಸ್ಟೇಷನ್ ಅಲ್ಲಬೇ, ದವಾಖಾನಿ" ಅಂದೆ.

ನನ್ನ ಮುಖವನ್ನೇ ನೋಡಿ ಅಂದಳು: "ದವಾಖಾನಿಯಾಗ ಇಷ್ಟ ಗದ್ಲ ಇರ್ತೈತೇನು?"

ಅಲ್ಲಿಯವರೆಗೆ ನಾನು ಆ ಹಾಲ್‌ನ ಸಪ್ಪಳವನ್ನು ಕೇಳಿಯೇ ಇರಲಿಲ್ಲ ನೋಡಿ. ಅವ್ವನ ಕಿವಿಯಿಂದ ಕೇಳಿದೆ. ಕರೆಗಂಟೆಯ 'ಟಿಂಗ್ ಟಾಂಗ್' ಸ್ಟೇಷನ್ನಿನಲ್ಲಿ ಅನೌನ್ಸ್‌ಮೆಂಟಿಗೆ ಮುಂಚೆ ಬರುವ ಸದ್ದಿನಂತೆಯೇ ಇತ್ತು. ಆಕ್ಸಿಜನ್ನಿನ ಸುಯ್ಯೆನ್ನುವ ಸದ್ದು ಗಾಡಿ ನಿಂತಾಗ ಬಿಡುವ ಗಾಳಿ. ಔಷಧಿ ಟ್ರಾಲಿಯ ಚಕ್ರಗಳು ಸಾಮಾನಿನ ಗಾಡಿ. ರಾತ್ರಿಯೂ ಆರದ ದೀಪ, ಯಾರ್ಯಾರದೋ ಹೆಸರು ಕೂಗುವುದು, ಅರ್ಥವಾಗದ ಮರಾಠಿ, ಹಿಂದಿ, ಮಲಯಾಳಿ. ಚಾಳೀಸಿಲ್ಲದ ಕಣ್ಣಿಗೆ ಎಲ್ಲ ಮಸುಕು. ಕಲ್ಯಾಣ ಸ್ಟೇಷನ್ನಿನಲ್ಲಿ ಎಷ್ಟೋ ಸಲ ಗದಗ ಗಾಡಿಗೆ ಕಾಯ್ದು ಕೂತವಳು ಅವಳು. ಅವಳ ಮನಸ್ಸು ತನಗೆ ಸಿಕ್ಕ ಸಪ್ಪಳಗಳನ್ನು ಜೋಡಿಸಿ ತನಗೆ ಗೊತ್ತಿದ್ದ ಒಂದು ಜಾಗ ಮಾಡಿಕೊಂಡಿತ್ತು. ಗಾಡಿ ಬಂದಿದೆ, ಚೀಲ ಇಲ್ಲ, ಹತ್ತಲು ಬಿಡುತ್ತಿಲ್ಲ. ಯಾರಾದರೂ ಎದ್ದು ಓಡಲು ನೋಡುವುದಿಲ್ಲವೇ? ಓಡಲು ನೋಡಿದ್ದಕ್ಕೆ ಕೈ ಕಟ್ಟಿದರು, ಮಂಪರಿನ ಇಂಜೆಕ್ಷನ್ ಕೊಟ್ಟರು.

ಡಾಕ್ಟರರು ಇದಕ್ಕೆ ಡೆಲಿರಿಯಂ ಎಂದರು. ವಯಸ್ಸಾದವರಲ್ಲಿ ಸಾಮಾನ್ಯ, ಹೆದರಬೇಡಿ ಅಂದರು. ಆಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ವಯಸ್ಸು, ಸೋಂಕು, ಆಕ್ಸಿಜನ್ ಕೊರತೆ, ಕೆಲವು ನಿದ್ದೆಯ ಔಷಧಿಗಳು ಎಲ್ಲವೂ ಇದಕ್ಕೆ ಕಾರಣವಾಗುತ್ತವೆ. ಹಾಗಾಗಿ ಸಪ್ಪಳವೊಂದೇ ಅವ್ವನನ್ನು ಕೆಡಿಸಿತು ಅಂತ ನಾನು ಹೇಳುವುದಿಲ್ಲ. ಆದರೆ ನಿದ್ದೆಗೆಡಿಸುವ ಸಪ್ಪಳ ಮತ್ತು ಬೆಳಕನ್ನು ಕಡಿಮೆ ಮಾಡಬೇಕೆಂದು ಅಮೆರಿಕದ ತೀವ್ರನಿಗಾ ವೈದ್ಯರ ಸಂಘ 2018ರ ತನ್ನ ಮಾರ್ಗಸೂಚಿಯಲ್ಲೇ ಸಲಹೆ ಕೊಟ್ಟಿದೆ. ಡೆಲಿರಿಯಂ ಹೆಚ್ಚು ದಿನ ಇದ್ದವರಲ್ಲಿ ಒಂದು ವರ್ಷದ ನಂತರವೂ ನೆನಪು, ವಿಚಾರಶಕ್ತಿ ಕುಂದಿರುವುದನ್ನು ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯರು 2013ರಲ್ಲಿ ತೋರಿಸಿದ್ದಾರೆ. ಅಂದರೆ 'ಹೆದರಬೇಡಿ' ಅಂತ ಬೆನ್ನು ತಟ್ಟಿ ಬಿಡುವ ಸಂಗತಿ ಅಲ್ಲ ಇದು.

ಇನ್ನು ಸಪ್ಪಳದ ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ್ದು: ಆಸ್ಪತ್ರೆಯ ವಾರ್ಡಿನಲ್ಲಿ ಸರಾಸರಿ ಸದ್ದು 30 ಡೆಸಿಬಲ್ ಮೀರಬಾರದು, ರಾತ್ರಿ ಯಾವ ಸದ್ದೂ 40ನ್ನು ದಾಟಬಾರದು. 2013ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಇಂಗ್ಲೆಂಡಿನ ಐದು ಐಸಿಯುಗಳಲ್ಲಿ ಅಳೆದು ನೋಡಿದರು. ಸರಾಸರಿ ಎಲ್ಲ ಕಡೆ 45ಕ್ಕಿಂತ ಮೇಲೆ; ಅರ್ಧದಷ್ಟು ಹೊತ್ತು, ಒಂದೊಂದು ಐಸಿಯುದಲ್ಲಿ ಒಂದೊಂದು ಲೆಕ್ಕ, 52ರಿಂದ 59ನ್ನೂ ಮೀರಿ. 85 ದಾಟುವ ಸದ್ದುಗಳು ರಾತ್ರಿಯಲ್ಲೂ ತಾಸಿಗೆ 16 ಸಲದವರೆಗೆ! ಡೆಸಿಬಲ್ ಲೆಕ್ಕ ನಮ್ಮ ಕಿಲೋಗ್ರಾಮಿನಂತಲ್ಲ. 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ಅಂದರೆ 30 ಇರಬೇಕಾದ ಕಡೆ 60 ಇದ್ದರೆ ಸದ್ದಿನ ಶಕ್ತಿ ಸಾವಿರ ಪಟ್ಟು. ನಮ್ಮ ಕಡೆಯ ಐಸಿಯುಗಳು ಇಂಗ್ಲೆಂಡಿನವುಗಳಿಗಿಂತ ಶಾಂತವಾಗಿರುತ್ತವೆ ಅಂತ ನಿಮಗೇನಾದರೂ ಅನಿಸುತ್ತದೆಯೇ?

ಇದು ಹೊಸ ರೋಗವೂ ಅಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು 1960ರಿಂದ ಪ್ರಕಟವಾದ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ 2005ರಲ್ಲಿ ಒಂದು ವರದಿ ಬರೆದರು. 1960ರಲ್ಲಿ ಆಸ್ಪತ್ರೆಗಳಲ್ಲಿ ಹಗಲಿನ ಸದ್ದು ಸರಾಸರಿ 57 ಡೆಸಿಬಲ್ ಇದ್ದದ್ದು 72ಕ್ಕೆ ಏರಿತ್ತು, ರಾತ್ರಿಯದು 42ರಿಂದ 60ಕ್ಕೆ. ಈ ಕೆಲಸದಲ್ಲಿ ಭಾಗಿಯಾಗಿದ್ದವರಲ್ಲಿ ಒಬ್ಬರು ಜೇಮ್ಸ್ ವೆಸ್ಟ್. ಎಷ್ಟೋ ಟೆಲಿಫೋನುಗಳೊಳಗೆ ಕೂತ ಎಲೆಕ್ಟ್ರೆಟ್ ಮೈಕನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು. ಸದ್ದನ್ನು ಹಿಡಿಯುವ ಯಂತ್ರ ಮಾಡಿದವರೇ ಆಸ್ಪತ್ರೆಯ ಸದ್ದಿನ ಬಗ್ಗೆ ಎಚ್ಚರಿಸಿದರು ಅಂತಾಯಿತು.

ಅಲಾರಂ ಬೇಡವೇ ಹಾಗಾದರೆ? ಬೇಕೇ ಬೇಕು. ಅವ್ವನ ಆಕ್ಸಿಜನ್ ಇಳಿದಾಗ ಕೂಗಿ ಕರೆದದ್ದೂ ಆ ಮಾನಿಟರೇ. ನಾನು ಅದಕ್ಕೆ ಋಣಿ. ತೊಂದರೆ ಇರುವುದು ಸುಳ್ಳು ಅಲಾರಂಗಳಲ್ಲಿ. ರೋಗಿ ಮಗ್ಗುಲಾದರೂ ಕೂಗು, ಬೆರಳಿನ ಕ್ಲಿಪ್ ಸರಿದರೂ ಕೂಗು, ಎದೆಗೆ ಅಂಟಿಸಿದ ಎಲೆಕ್ಟ್ರೋಡ್ ಒಣಗಿದರೂ ಕೂಗು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಆಸ್ಪತ್ರೆಯಲ್ಲಿ 77 ಹಾಸಿಗೆಗಳ ಮಾನಿಟರುಗಳನ್ನು 31 ದಿನ ದಾಖಲಿಸಿದರು. ವರದಿ 2014ರಲ್ಲಿ ಬಂತು. ಒಟ್ಟು 25 ಲಕ್ಷಕ್ಕೂ ಹೆಚ್ಚು ಅಲಾರಂ! ಅದರಲ್ಲಿ ಕಿವಿಗೆ ಕೇಳುವಂಥವೇ ಹಾಸಿಗೆಯೊಂದಕ್ಕೆ ದಿನಕ್ಕೆ 187. ಎದೆಬಡಿತ ತಪ್ಪಿದೆ ಎಂದು ಕೂಗಿದ ಅಲಾರಂಗಳಲ್ಲಿ ಸುಮಾರು 12,700ನ್ನು ಒಂದೊಂದಾಗಿ ಪರೀಕ್ಷಿಸಿದಾಗ 100ಕ್ಕೆ 89ರಷ್ಟು ಸುಳ್ಳು.

ತೋಳ ಬಂತು ತೋಳ ಅಂತ ದಿನಾ ಕೂಗಿದ ಹುಡುಗನ ಕತೆ ನಮಗೆಲ್ಲ ಗೊತ್ತು. ನಿಜವಾಗಿ ತೋಳ ಬಂದ ದಿನ ಯಾರೂ ಏಳಲಿಲ್ಲ. ಐಸಿಯುದಲ್ಲೂ ಆಗುವುದು ಅದೇ. ನೂರು ಸಲ ಎದ್ದು ಓಡಿ ನೋಡಿ ಏನೂ ಇಲ್ಲ ಎಂದು ಬಂದ ನರ್ಸಿಗೆ ನೂರಾ ಒಂದನೆಯದು ಕೇಳಿಸದೇ ಹೋಗಬಹುದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿದ 98 ಅವಘಡಗಳು ಅದಕ್ಕೆ ವರದಿಯಾಗಿದ್ದವು. ಅದರಲ್ಲಿ 80 ಸಾವು. ಹಾಗಾಗಿ ಸಪ್ಪಳ ಕಡಿಮೆ ಮಾಡಿ ಅನ್ನುವುದು ರೋಗಿಯ ಸುಖಕ್ಕಾಗಿ ಕೇಳುವ ಚೈನಿ ಅಲ್ಲ. ಬೇಡದ ಸಪ್ಪಳ ಇಳಿದರೇನೇ ಬೇಕಾದ ಸಪ್ಪಳ ಕೇಳಿಸುವುದು.

ನಮ್ಮ ದೇಶದಲ್ಲೂ ಕಾನೂನು ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಶಾಂತವಲಯದಲ್ಲಿ ಹಗಲು 50, ರಾತ್ರಿ 40 ಡೆಸಿಬಲ್ ಮಿತಿ. ಆಸ್ಪತ್ರೆಯ ಮುಂದೆ ಹಾರ್ನ್ ಬಾರಿಸಬೇಡಿ ಅಂತ ಬೋರ್ಡು ಹಾಕುವುದು ಇದಕ್ಕೇ. ಆದರೆ ಆ ನಿಯಮದ ಕಣ್ಣು ರಸ್ತೆಯ ಮೇಲೆ, ಲೌಡ್‌ಸ್ಪೀಕರಿನ ಮೇಲೆ. ಗೋಡೆಯ ಒಳಗೆ, ರೋಗಿಯ ತಲೆಯಿಂದ ಎರಡಡಿ ದೂರದಲ್ಲಿ ಕೂಗುವ ಯಂತ್ರದ ಮೇಲೆ ಅಲ್ಲ. ಅವ್ವನ ಡಿಸ್ಚಾರ್ಜ್ ಫೈಲು ನನ್ನ ಹತ್ತಿರ ಇನ್ನೂ ಇದೆ. ಜ್ವರ, ಬಿಪಿ, ಸಕ್ಕರೆ, ಮೂತ್ರ ಎಷ್ಟು ಹೋಯಿತು ಎಲ್ಲ ತಾಸು ತಾಸಿಗೆ ಬರೆದಿದ್ದಾರೆ. ಎಷ್ಟು ತಾಸು ನಿದ್ದೆ ಮಾಡಿದಳು ಅನ್ನುವ ಕಾಲಂ ಮಾತ್ರ ಎಲ್ಲೂ ಇಲ್ಲ.

ಇಲ್ಲಿ ನನಗೆ ಅನಿಸುವ ಮುಖ್ಯ ಮಾತಿಗೆ ಬರುತ್ತೇನೆ. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಬರೆದ ಶುಶ್ರೂಷೆಯ ಪುಸ್ತಕದಲ್ಲಿ ಸಪ್ಪಳಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ರೋಗಿಯನ್ನು ಕಾಡುವುದು ಬರೀ ಜೋರಾದ ಸದ್ದಲ್ಲ, ಅನಾವಶ್ಯಕವಾದದ್ದು ಮತ್ತು ಏನಾಗುತ್ತಿದೆಯೋ ಎಂದು ಕಾತರ ಹುಟ್ಟಿಸುವಂಥದ್ದು ಎಂಬುದು ಅವರ ವಾದ. ರೋಗಿಗೆ ಅರೆಬರೆ ಕೇಳುವಂತೆ ಬಾಗಿಲಲ್ಲಿ ನಿಂತು ಪಿಸುಗುಡುವುದು ಕ್ರೌರ್ಯ ಅನ್ನುತ್ತಾರೆ. ನನಗೆ ಇದು ನೂರಕ್ಕೆ ನೂರು ಸರಿ ಅನಿಸುತ್ತದೆ. ಅರ್ಥವಾಗುವ ಸದ್ದು ಮನುಷ್ಯನನ್ನು ಸಮಾಧಾನ ಮಾಡುತ್ತದೆ, ಅರ್ಥವಾಗದ್ದು ಹೆದರಿಸುತ್ತದೆ. ಲೋಕಲ್ಲಿನ ಸದ್ದಿನಲ್ಲಿ ನನಗೆ ನಿದ್ದೆ ಬರುವುದು ಅದು ಏನೆಂದು ನನಗೆ ಗೊತ್ತಿರುವುದರಿಂದ.

ಈಗ ಯೋಚಿಸಿ, ಪರಭಾಷೆಯ ಊರಿನ ಐಸಿಯುದಲ್ಲಿ ಮಲಗಿದ ಕನ್ನಡದ ಮುದುಕಿಯ ಗತಿ. ಯಂತ್ರದ ಭಾಷೆ ಅವಳಿಗೆ ತಿಳಿಯದು ಸರಿ, ಮನುಷ್ಯರ ಮಾತೂ ಅವಳಿಗೆ ಇನ್ನೊಂದು ಸಪ್ಪಳ ಅಷ್ಟೇ. ಆ ಕೇರಳದ ಹುಡುಗಿ ರಾತ್ರಿಯೆಲ್ಲ "ಅಮ್ಮಾ, ಸೋ ಜಾವೋ" ಅಂತ ಪ್ರೀತಿಯಿಂದಲೇ ಹೇಳಿರಬೇಕು. ಅವ್ವನಿಗೆ ಅದು ಸ್ಟೇಷನ್ನಿನಲ್ಲಿ ಯಾರೋ ಒದರಿದಂತೆ ಕೇಳಿರಬೇಕು. ನಮ್ಮ ಕೆಲಸ, ನಮ್ಮ ಮಕ್ಕಳ ಶಾಲೆ ಅಂತ ನಾವು ಊರು ಬಿಟ್ಟು ಬಂದೆವು. ವಯಸ್ಸಾದ ಮೇಲೆ ತಂದೆ ತಾಯಿಯನ್ನು ಇಲ್ಲಿಗೆ ಕರೆಸಿಕೊಂಡೆವು. ಒಳ್ಳೆ ಆಸ್ಪತ್ರೆ ಇದೆಯಲ್ಲ ಅಂತ ಹೆಮ್ಮೆಪಟ್ಟೆವು. ಆ ಒಳ್ಳೆ ಆಸ್ಪತ್ರೆಯಲ್ಲಿ ಅವರಿಗೆ ಅರ್ಥವಾಗುವ ಒಂದೇ ಸದ್ದು ನಮ್ಮ ದನಿ. ಶಾಂತಿ ಕಾಪಾಡುವ ಹೆಸರಿನಲ್ಲಿ ಮೊದಲು ಹೊರಗೆ ಹಾಕುವುದು ಅದನ್ನೇ!

ಇದಕ್ಕೆ ಎದುರು ವಾದ ಇಲ್ಲವೇ? ಇದೆ, ಮತ್ತು ಅದು ನಮ್ಮ ಮೇಲೇ ಬರುತ್ತದೆ. ನಾವು ನೋಡಲು ಬರುವ ರೀತಿಯೂ ಗೊತ್ತಲ್ಲ. ಒಬ್ಬರ ಹಿಂದೆ ಹನ್ನೆರಡು ಜನ, ಕೈಯಲ್ಲಿ ಟಿಫಿನ್ ಡಬ್ಬಿ, ಬೂದಿ, ಪ್ರಸಾದ. ಎರಡನೆಯ ದಿನ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಗದಗಿನಿಂದ ನನ್ನ ಚಿಕ್ಕಪ್ಪ ಫೋನು ಮಾಡಿದ. ಅವ್ವನ ಜೊತೆ ಮಾತಾಡಲಿ ಅಂತ ಸ್ಪೀಕರ್ ಹಾಕಿ ಮುಖದ ಹತ್ತಿರ ಹಿಡಿದೆ. "ವೈನೀ, ಹೆಂಗದೀರಿ?" ಅಂತ ಅವನು ಹೊಲದಿಂದ ಹೊಲಕ್ಕೆ ಕೂಗುವ ದನಿಯಲ್ಲಿ ಕೂಗಿದ. ಪಕ್ಕದ ಹಾಸಿಗೆಯ ಮನುಷ್ಯ ಬೆಚ್ಚಿ ಕಣ್ಣು ತೆರೆದದ್ದು ನನಗೆ ಇವತ್ತೂ ಕಣ್ಣಿಗೆ ಕಟ್ಟಿದೆ. ಸೋಂಕಿನ ಭಯವೂ ಸುಳ್ಳಲ್ಲ. ಹಾಗಾಗಿ ಬಾಗಿಲು ತೆರೆದಿಡಿ, ಎಲ್ಲರನ್ನೂ ಬಿಡಿ ಅಂತ ನಾನು ಕೇಳುತ್ತಿಲ್ಲ. ಒಬ್ಬರು ಸಾಕು. ದಿನವೂ ಅದೇ ಒಬ್ಬರು, ಕೈ ತೊಳೆದು, ಫೋನು ಹೊರಗಿಟ್ಟು, ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂರುವವರು. ಭಾಷೆ ಗೊತ್ತಿಲ್ಲದ ರೋಗಿಗೆ ಇವರು ಭೇಟಿಗೆ ಬಂದವರಲ್ಲ, ಚಿಕಿತ್ಸೆಯ ಒಂದು ಭಾಗ ಅಂತ ಆಸ್ಪತ್ರೆಗಳು ಒಪ್ಪಬೇಕು.

ಅವ್ವನ ವಿಷಯದಲ್ಲಿ ಒಬ್ಬ ಕಿರಿಯ ಡಾಕ್ಟರ್ ಇದನ್ನು ಒಪ್ಪಿದ. ಸಂಜೆ ಒಂದು ತಾಸು, ರಾತ್ರಿ 9ಕ್ಕೆ ಅರ್ಧ ತಾಸು ಕೂರಲು ಬಿಟ್ಟ. ಚಾಳೀಸು ಹಾಕಿದೆ. ಇವತ್ತು ಯಾವ ವಾರ, ಎಲ್ಲಿದ್ದೀ, ಆ ಟಿಂಗ್ ಟಾಂಗ್ ಏನು ಅಂತ ಹೇಳಿದೆ. ವೀರನಾರಾಯಣ ಗುಡಿ, ಪಕ್ಕದ ಮನೆಯವರ ಎಮ್ಮೆ, ಈ ಸಲದ ಜೋಳ... ಮೆತ್ತಗಿನ ದನಿಯಲ್ಲಿ ಊರ ಸುದ್ದಿ. ಕೈಗಳನ್ನು ಬಿಚ್ಚಿದರು. ಒಂದು ಹಾಳೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಕನ್ನಡದ ಮಾತು ಬರೆದು ಹಾಸಿಗೆಯ ತಲೆಗೆ ಅಂಟಿಸಿದೆ. ನೋವೈತೇನು, ನೀರು ಬೇಕೇನು, ದವಾಖಾನಿಯಾಗ ಅದೀರಿ, ಮಗ ಹೊರಗ ಕುಂತಾನ, ಹೀಗೆ. ಮರುದಿನ ಆ ಹುಡುಗಿ ತನ್ನ ಮಲಯಾಳಿ ರಾಗದಲ್ಲಿ "ಮಗ ಹೊರಗ ಕುಂತಾನ" ಅಂದಾಗ ಅವ್ವ ನಕ್ಕಳಂತೆ. ಜ್ವರವೂ ಅಷ್ಟರಲ್ಲಿ ಇಳಿದಿತ್ತು, ಆಕ್ಸಿಜನ್ನೂ ಏರಿತ್ತು. ಯಾವುದರಿಂದ ಎಷ್ಟು ಗುಣವಾಯಿತು ಅಂತ ನಾನು ಲೆಕ್ಕ ಕೊಡಲಾರೆ. ಆದರೆ ಆಮೇಲೆ ಅವಳು ಗಾಡಿಯ ಸುದ್ದಿ ಎತ್ತಲಿಲ್ಲ.

ಆಸ್ಪತ್ರೆಗಳು ಮಾಡಬಹುದಾದದ್ದಕ್ಕೆ ಕೋಟಿ ರೂಪಾಯಿ ಬೇಕಿಲ್ಲ. ಅಲಾರಂ ಮಿತಿಯನ್ನು ರೋಗಿಗೆ ತಕ್ಕಂತೆ ಹೊಂದಿಸುವುದು. ಎಲೆಕ್ಟ್ರೋಡ್‌ಗಳನ್ನು ದಿನಾ ಬದಲಿಸುವುದು, ಅಷ್ಟರಿಂದಲೇ ಸುಳ್ಳು ಅಲಾರಂ ಎಷ್ಟೋ ಇಳಿಯುತ್ತದೆ. ಮೆತ್ತಗೆ ಮುಚ್ಚುವ ಕಸದ ಡಬ್ಬಿ, ಟ್ರಾಲಿಗೆ ರಬ್ಬರ್ ಚಕ್ರ, ಸಿಬ್ಬಂದಿಯ ಫೋನು ವೈಬ್ರೇಟಿನಲ್ಲಿ. ನಸುಕಿನಲ್ಲಿ ಎಬ್ಬಿಸಿ ಮೈ ಒರೆಸುವುದನ್ನು, ಎಕ್ಸ್-ರೇ ತೆಗೆಯುವುದನ್ನು ತುರ್ತಿಲ್ಲದಿದ್ದರೆ ಬೆಳಗಾದ ಮೇಲೆ ಇಟ್ಟುಕೊಳ್ಳುವುದು. ರಾತ್ರಿ ನಾಲ್ಕೈದು ತಾಸು ದೀಪ ತಗ್ಗಿಸಿ, ಮಾತು ತಗ್ಗಿಸಿ ಇಡುವುದು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ 136 ರೋಗಿಗಳ ಮೇಲೆ ನಡೆದ ಪ್ರಯೋಗದ ವರದಿ 2012ರಲ್ಲಿ ಬಂತು. ರಾತ್ರಿ ಇಯರ್‌ಪ್ಲಗ್ ಹಾಕಿಕೊಂಡವರಲ್ಲಿ ಗೊಂದಲ ಕಡಿಮೆ ಕಂಡಿತು. ಒಂದು ಜೊತೆ ಇಯರ್‌ಪ್ಲಗ್ಗಿಗೆ ಎಷ್ಟು ಖರ್ಚು? ಐಸಿಯುದ ಒಂದು ದಿನದ ಬಿಲ್ಲಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ನಾವು ಮಾಡಬಹುದಾದದ್ದೂ ಇದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಹತ್ತು ಮಾತಿನ ಹಾಳೆಯನ್ನು ಇವತ್ತೇ ಬರೆದಿಟ್ಟುಕೊಳ್ಳಿ, ಗಾಬರಿಯಲ್ಲಿ ಹೊಳೆಯುವುದಿಲ್ಲ. ಚಾಳೀಸು, ಕಿವಿಯ ಮಶಿನ್ನು ಹಗಲು ಹೊತ್ತು ಹಾಕಲು ಬಿಡುತ್ತೀರಾ, ರಾತ್ರಿ ಇಯರ್‌ಪ್ಲಗ್ ಹಾಕಬಹುದೇ ಅಂತ ಡಾಕ್ಟರರನ್ನು ಕೇಳಿ. ರಾತ್ರಿ ನಿದ್ದೆ ಬಂತೇ ಅಂತ ದಿನಾ ಕೇಳಿ. ಜಗಳ ಮಾಡಬೇಡಿ, ಆ ಸಪ್ಪಳದಲ್ಲಿ ಹನ್ನೆರಡು ತಾಸು ನಿಲ್ಲುವವರು ನರ್ಸುಗಳು, ಅವರಿಗೂ ಅದು ಬೇಡವಾಗಿದೆ. ಆದರೆ ಕೇಳುವುದನ್ನು ಬಿಡಬೇಡಿ. ಯಾರೂ ಕೇಳದಿದ್ದರೆ ಆ ಕಾಲಂ ಫೈಲಿನಲ್ಲಿ ಯಾವತ್ತೂ ಬರುವುದಿಲ್ಲ.

ಅವ್ವ ಮನೆಗೆ ಬಂದಳು. ಎರಡು ಮೂರು ತಿಂಗಳು ಮೈಕ್ರೋವೇವ್ ಟೀಂ ಅಂದಾಗಲೆಲ್ಲ ಬೆಚ್ಚಿ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು. ಯಾಕೆ ಅಂತ ನಾವು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೈಕ್ರೋವೇವನ್ನು ಅಟ್ಟಕ್ಕೆ ಹಾಕಿದೆವು. 2022ರಲ್ಲಿ ಗದಗಿನ ಮನೆಯಲ್ಲಿ, ತನ್ನ ಹಾಸಿಗೆಯ ಮೇಲೆ, ತಿಳಿದ ಸಪ್ಪಳಗಳ ನಡುವೆ ಹೋದಳು.

ಮೊನ್ನೆ ಆ ಐಸಿಯುದಿಂದ ಹೊರಗೆ ಬಂದು ಗೆಳೆಯರ ಪಕ್ಕ ಬೆಂಚಿನ ಮೇಲೆ ಕೂತೆ. ಅವರ ತಂದೆಗೂ ಹಿಂದಿ ಅಷ್ಟಕ್ಕಷ್ಟೇ. ಜೇಬಿನಿಂದ ಪೆನ್ನು ತೆಗೆದು, "ಒಂದು ಹಾಳಿ ಇದ್ರ ಕೊಡ್ರಿ" ಅಂದೆ.